ಲಿಮಿಟೆಡ್ ಎಡಿಷನ್ ಸ್ಪೋರ್ಟ್ಸ್ ಕಾರಿಗೆ ಮಾರುವಾಗ ಬೆಲೆ ಉಳಿಯುತ್ತಾ?

ಎಲ್ಲದಕ್ಕೂ ಇಲ್ಲ. ಎಷ್ಟು ಕಾರು ಮಾಡಿದ್ದಾರೆ ಅನ್ನೋದಕ್ಕಿಂತ, ಅಂಥದ್ದೇ ಇನ್ನೊಂದು ಸಿಗುತ್ತಾ ಅನ್ನೋದು ಮುಖ್ಯ. 2016ರ ಪೋರ್ಷೆ 911 ಆರ್ ನೋಡಿ. ಮಾಡಿದ್ದು ಬರೀ 991, ಕೈಯಲ್ಲೇ ಗೇರ್ ಹಾಕುವ ಕಾರು. ಶುರುವಿನಲ್ಲಿ ಷೋರೂಂ ಬೆಲೆಗಿಂತ ಎಷ್ಟೋ ಜಾಸ್ತಿಗೆ ಹೋಯಿತು. ಮರುವರ್ಷ ಅದೇ ಥರದ ಎಂಜಿನ್, ಗೇರ್ ಇರುವ, ಪೋರ್ಷೆಯದೇ ಇನ್ನೊಂದು ಕಾರು, 911 ಜಿಟಿ3 ಟೂರಿಂಗ್ ಬಂತು. ಅದಕ್ಕೆ ಇಷ್ಟೇ ಅನ್ನುವ ಮಿತಿ ಇರಲಿಲ್ಲ. 911 ಆರ್ ಬೆಲೆ ಇಳಿಯಿತು.

ನಮ್ಮ ದಾವಣಗೆರೆಯಲ್ಲಿ ಲೆಕ್ಕವೇ ಬೇರೆ. ಪಿ.ಬಿ. ರಸ್ತೆಯಲ್ಲಿ ಓಡಾಡುವ ‘ಲಿಮಿಟೆಡ್ ಎಡಿಷನ್’ ಅಂದ್ರೆ ಹೆಚ್ಚಾಗಿ ಸ್ಟಿಕ್ಕರ್, ಬ್ಯಾಡ್ಜ್, ಕೆಂಪು ಹೊಲಿಗೆಯ ಸೀಟು, ಅಷ್ಟೇ ಅಲ್ವಾ? ಅಂಥದ್ದೊಂದನ್ನು ನಾನೂ ಮಾರಲು ಒಯ್ದಿದ್ದೆ. ಸೆಕೆಂಡ್ ಹ್ಯಾಂಡ್ ಕಾರಿನವರು ಬ್ಯಾಡ್ಜ್ ಕಡೆ ತಿರುಗಿಯೂ ನೋಡಲಿಲ್ಲ. ಬಾನೆಟ್ ಎತ್ತಿದರು, ಟೈರ್ ಸವರಿದರು, ‘ಎಷ್ಟನೇ ಓನರ್ ಸರ್?’ ಅಂದರು. ಸ್ಟಿಕ್ಕರಿಗೆ ಕೊಟ್ಟ 40 ಸಾವಿರ ಸುಮ್ನೆ ಹೋಯಿತು.