ಚಿತ್ರ, ವೀಡಿಯೊಗಳ ಆಸ್ಪೆಕ್ಟ್ ರೇಶಿಯೊ ತಿಳಿಯುವುದು ಹೇಗೆ?

ಪ್ರಶ್ನೆ: ನನ್ನ ಒಂದು ಫೋಟೊದ ಅಳತೆ 4032 × 3024, ವೀಡಿಯೊದ ಅಳತೆ 1920 × 1080 ಪಿಕ್ಸೆಲ್. ಇವುಗಳ ಆಸ್ಪೆಕ್ಟ್ ರೇಶಿಯೊ (ಅಗಲ ಮತ್ತು ಎತ್ತರಗಳ ಅನುಪಾತ) ಕಂಡುಹಿಡಿಯುವುದು ಹೇಗೆ? ಡಿವಿಡಿಯಿಂದ ನಕಲಿಸಿದ 720 × 576ರ ವೀಡಿಯೊಗೆ ಅದೇ ಲೆಕ್ಕ ಏಕೆ ಹೊಂದುವುದಿಲ್ಲ?

ಉತ್ತರ: ಅಗಲ ಮತ್ತು ಎತ್ತರಗಳನ್ನು ಅವುಗಳ ಮಹತ್ತಮ ಸಾಮಾನ್ಯ ಅಪವರ್ತನದಿಂದ ಭಾಗಿಸಿದರೆ ಅನುಪಾತ ದೊರೆಯುತ್ತದೆ. ಆ ಅಪವರ್ತನವನ್ನು ಪಡೆಯಲು, ಶೇಷ ಉಳಿಯದವರೆಗೆ ಪ್ರತಿ ಭಾಜಕವನ್ನು ಅದರ ಶೇಷದಿಂದ ಭಾಗಿಸುತ್ತಾ ಹೋಗಿ. 1920ನ್ನು 1080ರಿಂದ ಭಾಗಿಸಿದರೆ ಶೇಷ 840. 1080ನ್ನು 840ರಿಂದ ಭಾಗಿಸಿದರೆ ಶೇಷ 240. 840ನ್ನು 240ರಿಂದ ಭಾಗಿಸಿದರೆ ಶೇಷ 120. 240ನ್ನು 120ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಆದ್ದರಿಂದ ಅಪವರ್ತನ 120, ಅನುಪಾತ 16:9. ನಿಮ್ಮ ಫೋಟೊದ್ದು 4:3.

ಎಲ್ಲ ಅಳತೆಗಳೂ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. 1366 × 768ರ ಪರದೆಯ ಅನುಪಾತ 683:384 ಎಂದು ಬರುತ್ತದೆ; ಅಂಥಲ್ಲಿ ಅಗಲವನ್ನು ಎತ್ತರದಿಂದ ಭಾಗಿಸಿ, ಬಂದ 1.779ನ್ನು 16:9ರ 1.778ರೊಂದಿಗೆ ಹೋಲಿಸುವುದೇ ಸರಿಯೆಂದು ನನ್ನ ಅಭಿಪ್ರಾಯ.

ನಿಮ್ಮ ಡಿವಿಡಿಯ ಪ್ರಶ್ನೆ ನಿಜಕ್ಕೂ ಮಹತ್ವದ್ದು. 720 × 576 ಲೆಕ್ಕದಲ್ಲಿ 5:4 ಆಗುತ್ತದೆಯಾದರೂ, ಆ ವೀಡಿಯೊದ ಪಿಕ್ಸೆಲ್‌ಗಳು ಚೌಕಾಕಾರದಲ್ಲಿರದ ಕಾರಣ, ಪ್ಲೇಯರ್ ಕಡತದೊಳಗಿನ ಸೂಚನೆಯನ್ನು ಓದಿ ಚಿತ್ರವನ್ನು 4:3 ಅಥವಾ 16:9ಕ್ಕೆ ಹಿಗ್ಗಿಸಿ ತೋರಿಸುತ್ತದೆ. ಮೀಡಿಯಾಇನ್ಫೊ ತಂತ್ರಾಂಶದಲ್ಲಿ ಕಡತವನ್ನು ತೆರೆದರೆ ಈ ಪ್ರದರ್ಶನ ಅನುಪಾತ ಪ್ರತ್ಯೇಕವಾಗಿ ಕಾಣುತ್ತದೆ. ಅದು 4:3 ಆಗಿದ್ದರೆ, ಚೌಕ ಪಿಕ್ಸೆಲ್‌ಗಳಿಗೆ ಪರಿವರ್ತಿಸುವಾಗ 768 × 576 ಎಂದೂ, 16:9 ಆಗಿದ್ದರೆ 1024 × 576 ಎಂದೂ ಅಳತೆ ಕೊಡಬೇಕು. ಕಪ್ಪು ಪಟ್ಟಿಗಳು ಚಿತ್ರದ ಭಾಗವಾಗಿಯೇ ದಾಖಲಾಗಿದ್ದರೆ, ಮೊದಲು ಅವುಗಳನ್ನು ಕತ್ತರಿಸಿ, ಉಳಿದ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.