ಶಭಾಷ್ ಅಂದರೂ ತಮ್ಮ ಯಾಕೆ ಏಳುವುದಿಲ್ಲ?

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವ ತಮ್ಮನನ್ನು ಎಷ್ಟು ಹೊಗಳಿದರೂ ಮರುದಿನ ಸ್ನಾನಕ್ಕೇ ಏಳುವುದಿಲ್ಲ, ಇದು ಸೋಮಾರಿತನವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ ಸರ್. ಹೊಗಳಿದ ಕ್ಷಣದ ಖುಷಿ ಈ ಕಾಯಿಲೆ ಇರುವವರಿಗೂ ಬಹುಮಟ್ಟಿಗೆ ನಮ್ಮಂತೆಯೇ ಆಗುತ್ತದೆ. ಆದರೆ ‘ನಾಳೆಯೂ ಮಾಡಿದರೆ ಮತ್ತೆ ಸಿಗುತ್ತದೆ’ ಎಂಬ ನಿರೀಕ್ಷೆ ಕಟ್ಟಿಕೊಳ್ಳುವುದೇ ಕಷ್ಟ. ಎಣಿಸಿದ್ದಕ್ಕಿಂತ ಒಳ್ಳೆಯದಾದಾಗ ಡೋಪಮಿನ್ ಎಂಬ ರಾಸಾಯನಿಕದ ಮೂಲಕ ಮಿದುಳಿಗೆ ಸಿಗುವ ಸೂಚನೆ ಹಲವರಲ್ಲಿ ಮಂಕಾಗಿರುತ್ತದೆ. ನಷ್ಟದಿಂದ, ಬೈಗುಳದಿಂದ ಕಲಿಯುವ ಶಕ್ತಿ ಮಾತ್ರ ಅಷ್ಟು ಕೆಡುವುದಿಲ್ಲ. ಹಾಗಾಗಿ ಬೈದರೆ ಇನ್ನಷ್ಟು ಮುದುಡುತ್ತಾರೆ. ಸದಾ ತಪ್ಪು ಹುಡುಕುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಲಂಡನ್ನಿನ ಸಂಶೋಧಕರು 1972ರಲ್ಲೇ ತೋರಿಸಿದ್ದಾರೆ.

ನನ್ನ ಅಕ್ಕನಿಗೂ ಇದೇ ಕಾಯಿಲೆ. ‘ಜಾಣೆ’ ಅಂದರೆ ಸುಮ್ಮನೆ ಗೋಡೆ ನೋಡುತ್ತಿದ್ದಳು. ಒಂದು ದಿನ ಅಮ್ಮ ಅವಳು ಮಾಡಿದ ಕಾಫಿಯನ್ನು ಅವಳೆದುರೇ ಒಂದು ಗುಟುಕು ಕುಡಿದು, ‘ಡಿಕಾಕ್ಷನ್ ಹದವಾಗಿದೆ ಕಣೇ’ ಅಂದರು. ಮರುದಿನ ಬೆಳಗ್ಗೆ, ‘ನಿನ್ನೆ ಮಾಡಿದ್ದೆಯಲ್ಲ, ಅಂಥದ್ದೇ ಕಾಫಿ ಕೊಡ್ತೀಯಾ?’ ಎಂದು ಕೇಳಿದರು. ಆ ನೆನಪಿಸುವಿಕೆಯೇ ಮುಖ್ಯ. ಅವರ ಪರವಾಗಿ ನಿರೀಕ್ಷೆಯನ್ನು ನಾವು ಹೊರಬೇಕು. ಎರಡು ವಾರ ಬೇಕಾಯಿತು, ಆಮೇಲೆ ತಾನೇ ಒಲೆ ಹಚ್ಚಿದಳು.

ಮಾತ್ರೆಯ ಮಂಪರು ಅಥವಾ ಖಿನ್ನತೆಯಿಂದಲೂ ಹೀಗಾಗಬಹುದು, ಡಾಕ್ಟರಿಗೆ ಹೇಳಿ. ಮಾತ್ರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.