ಟ್ರೆಂಡ್ಸ್‌ನ 100 ಪ್ರವಾಸಿಗರ ತಲೆಲೆಕ್ಕವಲ್ಲ

ಪ್ರಶ್ನೆ: ಯಾವ ಪದವನ್ನು ಜನ ಎಷ್ಟು ಹುಡುಕುತ್ತಿದ್ದಾರೆಂದು ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ನಮ್ಮ ಗಿರಿಧಾಮಕ್ಕೆ ಈ ಸಲ 100 ಬಂದಿದೆ, ಹೋದ ವರ್ಷ 50 ಇತ್ತು. ಪ್ರವಾಸಿಗರು ದುಪ್ಪಟ್ಟಾಗುತ್ತಾರೆಂದು ಕೊಠಡಿ ಕಟ್ಟಿಸಬಹುದೇ?

ಉತ್ತರ: ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಕಟ್ಟಿಸಬೇಡಿ. ಆ 100 ಹುಡುಕಿದವರ ಸಂಖ್ಯೆಯಲ್ಲ. ಆ ಪ್ರದೇಶದ ಒಟ್ಟು ಹುಡುಕಾಟದಲ್ಲಿ ನಿಮ್ಮ ಪದದ ಪಾಲು ಯಾವ ವಾರ ಅತಿ ಹೆಚ್ಚಿತ್ತೋ ಅದಕ್ಕೆ 100 ಕೊಟ್ಟು, ಉಳಿದ ವಾರಗಳನ್ನು ಅದಕ್ಕೆ ತಕ್ಕಂತೆ ಇಳಿಸಿರುತ್ತಾರೆ. ಅವಧಿ ಬದಲಿಸಿ ನೋಡಿ, 100 ಬೇರೆ ವಾರಕ್ಕೆ ಹಾರಬಹುದು. ಟ್ರೆಂಡ್ಸ್ ತೋರಿಸುವ ಭೂಪಟದಲ್ಲೂ ಅಷ್ಟೇ, ಬಣ್ಣ ಹೇಳುವುದು ಪಾಲನ್ನು: ಕಡುಬಣ್ಣದ ಸಣ್ಣ ಪ್ರಾಂತ್ಯಕ್ಕಿಂತ ತಿಳಿಬಣ್ಣದ ದೊಡ್ಡ ಪ್ರಾಂತ್ಯದಿಂದಲೇ ಹೆಚ್ಚು ಮಂದಿ ಹುಡುಕಿರಬಹುದು.

ಇನ್ನು, ಹುಡುಕಿದವರೆಲ್ಲ ಗಂಟುಮೂಟೆ ಕಟ್ಟುವವರೇ? ಗುಡ್ಡ ಕುಸಿದರೂ ಹುಡುಕಾಟದ ಗೆರೆ ಏರುತ್ತದೆ, ಸಿನಿಮಾದಲ್ಲಿ ಊರು ಕಾಣಿಸಿಕೊಂಡರೂ ಏರುತ್ತದೆ. ಏರಿದ ವಾರವನ್ನೇ ಆರಿಸಿಕೊಂಡು, ಕೆಳಗಿರುವ ಸಂಬಂಧಿತ ಹುಡುಕಾಟಗಳನ್ನು ಓದಿ. 'ಹೋಟೆಲ್', 'ಬಸ್ ಸಮಯ' ಇದ್ದರೆ ಆಸೆ ಇಟ್ಟುಕೊಳ್ಳಿ. 'ರಸ್ತೆ ಬಂದ್', 'ವಿಡಿಯೊ' ಇದ್ದರೆ ಅಲ್ಲಿಗೇ ಬಿಡಿ. ಬರೀ ಪದ ಹಾಕುವ ಬದಲು, ಪದ ಹಾಕುವಾಗ ತೆರೆದುಕೊಳ್ಳುವ ಪಟ್ಟಿಯಲ್ಲಿ ನಿಮ್ಮ ಊರೇ 'ವಿಷಯ'ವಾಗಿ ಸಿಕ್ಕರೆ ಅದನ್ನು ಆರಿಸಿ. 'ಜಾರ್ಜಿಯಾ' ಎಂದಷ್ಟೇ ಹಾಕಿದರೆ ದೇಶವೂ ಅಮೆರಿಕದ ರಾಜ್ಯವೂ ಕಲಸಿಕೊಳ್ಳುತ್ತವೆ.

ಆಮೇಲೆ ಐದು ವರ್ಷದ ಗೆರೆಯನ್ನು ನಿಮ್ಮ ಬುಕಿಂಗ್ ಲೆಕ್ಕದ ಪಕ್ಕ ಇಡಿ. ಹುಡುಕಾಟ ಏರಿ ಇಷ್ಟು ವಾರಕ್ಕೆ ಕೊಠಡಿ ತುಂಬುತ್ತದೆ ಎಂಬುದು ವರ್ಷವರ್ಷವೂ ಹೆಚ್ಚುಕಡಿಮೆ ಒಂದೇ ಇದ್ದರೆ ಮಾತ್ರ ಆ ಗೆರೆ ನಿಮ್ಮ ಕೆಲಸಕ್ಕೆ ಬರುತ್ತದೆ. 2012ರಲ್ಲಿ ಹಾಂಗ್‌ಕಾಂಗ್ ಪ್ರವಾಸಿಗರನ್ನು ಹೀಗೆ ಅಂದಾಜಿಸಿ ತೋರಿಸಿದ ಸಂಶೋಧಕರಾದ ಚೋಯ್ ಮತ್ತು ವೇರಿಯನ್ ಕೂಡ ಬರೀ ಟ್ರೆಂಡ್ಸ್ ನಂಬಲಿಲ್ಲ, ಹಿಂದಿನ ತಿಂಗಳ ಮತ್ತು ಹಿಂದಿನ ವರ್ಷದ ಆಗಮನದ ಅಂಕಿಗಳನ್ನೂ ಸೇರಿಸಿಕೊಂಡಿದ್ದರು.

ಪ್ರಶ್ನೆ: ಅದೇ ವಾರಕ್ಕೆ ನಿನ್ನೆ 60 ಇತ್ತು, ಇವತ್ತು 55. ಯಾರಾದರೂ ತಿದ್ದಿದರೇ?

ಉತ್ತರ: ಇಲ್ಲ. ಎಲ್ಲ ಹುಡುಕಾಟಗಳನ್ನೂ ಎಣಿಸುವುದಿಲ್ಲ, ಒಂದಷ್ಟನ್ನು ಮಾದರಿಯಾಗಿ ಎತ್ತಿಕೊಳ್ಳುತ್ತಾರೆ. ಬೇರೆ ಬೇರೆ ದಿನ ಅಂಕಿಗಳನ್ನು ಡೌನ್‌ಲೋಡ್ ಮಾಡಿಕೊಂಡು ಸರಾಸರಿ ತೆಗೆಯಿರಿ.

ಪ್ರಶ್ನೆ: ಸೊನ್ನೆ ಬಂದರೆ ಯಾರೂ ಹುಡುಕಿಲ್ಲವೆಂದೇ?

ಉತ್ತರ: ತೋರಿಸುವಷ್ಟು ಮಂದಿ ಹುಡುಕಿಲ್ಲ, ಅಷ್ಟೇ.

ಪ್ರಶ್ನೆ: ಮುಂದಿನ ವರ್ಷದ ಪ್ರವಾಸಿಗರ ಕರಾರುವಾಕ್ ಸಂಖ್ಯೆಯನ್ನು ಟ್ರೆಂಡ್ಸ್ ನೋಡಿ ಹೇಳುವುದಾಗಿ ಸಲಹೆಗಾರರೊಬ್ಬರು ಶುಲ್ಕ ಕೇಳುತ್ತಿದ್ದಾರೆ. ಕೊಡಲೇ?

ಉತ್ತರ: ಬಿಡಿಗಾಸೂ ಕೊಡಬೇಡಿ. ಇದು ಗಿಣಿಶಾಸ್ತ್ರ. ಹುಡುಕಾಟದಿಂದ ಫ್ಲೂ ಜ್ವರ ಅಳೆಯಲು ಗೂಗಲ್ 2008ರಲ್ಲಿ ಶುರುಮಾಡಿದ ಫ್ಲೂ ಟ್ರೆಂಡ್ಸ್, 2012-13ರ ಚಳಿಗಾಲದಲ್ಲಿ ಅಮೆರಿಕದ ಅಂದಾಜನ್ನು ವಿಪರೀತ ಉಬ್ಬಿಸಿ ತೋರಿಸಿತು, 2015ರಲ್ಲಿ ನಿಂತೇಹೋಯಿತು. ಗೂಗಲ್‌ಗೇ ದಕ್ಕದ್ದು ಇವರಿಗೆ ಹೇಗೆ ದಕ್ಕಿತು? ಹೋದ ವರ್ಷ ಯಾರಿಗಾದರೂ ಬರೆದುಕೊಟ್ಟ ಸಂಖ್ಯೆಯನ್ನು ಮೊದಲು ತೋರಿಸಲಿ.